ಎದೆ ಸೀಳಿ ನೋಡಿದ್ದೀಯಾ?

ಅಪ್ಪ ಅಡಿಕೆ ವ್ಯಾಪಾರ ಮಾಡುತ್ತಿದ್ದರು. ವಿಟ್ಲ, ಪುತ್ತೂರು ಕಡೆಯ ತೋಟದವರಿಂದ ಚಾಲಿ ಅಡಿಕೆ ಕೊಂಡು ಮಂಗಳೂರಿಗೆ ಕಳಿಸುತ್ತಿದ್ದರು. ಗೋಣಿ ಬಂದು ಇಳಿದರೆ ಅವರು ಮೇಲಿನ ಅಡಿಕೆ ನೋಡುತ್ತಲೇ ಇರಲಿಲ್ಲ. ಅಂಗಿಯ ತೋಳು ಮಡಚಿ, ಮೊಣಕೈ ಮುಳುಗುವ ತನಕ ಕೈ ಇಳಿಸಿ, ಅಡಿಯಿಂದ ಒಂದು ಹಿಡಿ ತೆಗೆಯುತ್ತಿದ್ದರು. ಎರಡು ಅಡಿಕೆ ಒಂದಕ್ಕೊಂದು ತಾಗಿಸಿ ಕಿವಿಯ ಹತ್ತಿರ ಹಿಡಿಯುತ್ತಿದ್ದರು. ಒಣಗಿದ್ದರ ಶಬ್ದವೇ ಬೇರೆ, ಹಸಿಯದ್ದೇ ಬೇರೆ. ಒಂದೊಂದು ಸಲ ಮೇಲೆ ಚೆಂದದ ಬಿಳಿ ಅಡಿಕೆ, ಕೆಳಗೆ ಪಟೋರ, ಕೋಕ ಅನ್ನುವ ಕಳಪೆ ಅಡಿಕೆ ಬೆರೆಸಿದ್ದು ಸಿಗುತ್ತಿತ್ತು. ಅಪ್ಪ ಬಯ್ಯುತ್ತಿರಲಿಲ್ಲ. ತಂದವರು ಯಾವ ಜಾತಿಯವರೇ ಆಗಲಿ, ಕೂರಿಸಿ ಒಂದು ಹದೀಸ್, ಅಂದರೆ ಪ್ರವಾದಿ ಮುಹಮ್ಮದರ ನಡೆನುಡಿಯ ಒಂದು ಪ್ರಸಂಗ, ಹೇಳುತ್ತಿದ್ದರು.

ಒಂದು ದಿನ ಪ್ರವಾದಿಯವರು ಧಾನ್ಯದ ರಾಶಿಯೊಂದರ ಪಕ್ಕ ಹೋಗುತ್ತಿದ್ದರಂತೆ. ರಾಶಿಯೊಳಗೆ ಕೈ ಹಾಕಿದರು. ಬೆರಳಿಗೆ ಒದ್ದೆ ತಾಗಿತು. ಇದೇನು ಅಂತ ಕೇಳಿದರು. ಮಳೆ ಬಿತ್ತು ಅಂದ ವ್ಯಾಪಾರಿ. 'ಹಾಗಾದರೆ ಒದ್ದೆಯಾದದ್ದನ್ನು ಜನರಿಗೆ ಕಾಣುವ ಹಾಗೆ ಮೇಲೆ ಯಾಕೆ ಇಡಲಿಲ್ಲ? ಮೋಸ ಮಾಡುವವನು ನಮ್ಮವನಲ್ಲ' ಅಂದರು ಪ್ರವಾದಿಯವರು.

ಇದು ಸಹೀಹ್ ಮುಸ್ಲಿಮ್ ಸಂಗ್ರಹದಲ್ಲಿದೆ. ಮದ್ರಸದಲ್ಲಿ ಉಸ್ತಾದರಿಂದ ನಾನು ಕಲಿತದ್ದು ಎಷ್ಟೋ ಮರೆತಿದೆ. ಅಪ್ಪನ ಗೋಣಿಯ ಪಕ್ಕ ಕೇಳಿದ ಇದೊಂದು ಮರೆಯಲಿಲ್ಲ.

2025ರ ಏಪ್ರಿಲ್ ಕೊನೆಯಲ್ಲಿ ನನ್ನ ಬಾಲ್ಯದ ಗೆಳೆಯನ ಮನೆಗೆ ಹೋಗಿದ್ದೆ. ಅವನ ತಂದೆಯೂ ನಮ್ಮ ಅಪ್ಪನಿಗೇ ಅಡಿಕೆ ಕೊಡುತ್ತಿದ್ದವರು. ಅಂಗಳದ ತುಂಬ ಅಡಿಕೆ ಒಣಹಾಕಿತ್ತು. ಕಾಶ್ಮೀರದ ಪಹಲ್ಗಾಮ್ ದಾಳಿ ಆಗಿ ಒಂದು ವಾರವೂ ಆಗಿರಲಿಲ್ಲ. ಬೈಸರನ್ ಹುಲ್ಲುಗಾವಲಿನಲ್ಲಿ 26 ಜನ ಸತ್ತಿದ್ದರು. ಅವರಲ್ಲಿ ಶಿವಮೊಗ್ಗದಿಂದ ಹೆಂಡತಿ ಮಗನ ಜೊತೆ ಹೋಗಿದ್ದವರೊಬ್ಬರು ಇದ್ದರು. ಪ್ರವಾಸಿಗಳನ್ನು ಉಳಿಸಲು ಹೋಗಿ ಗುಂಡು ತಿಂದ, ಅಲ್ಲೇ ಕುದುರೆ ನಡೆಸುತ್ತಿದ್ದ ಮುಸ್ಲಿಂ ಯುವಕನೂ ಇದ್ದ. ಬದುಕಿ ಬಂದವರು ಹೇಳಿದ್ದು ನಿಮಗೂ ನೆನಪಿರಬಹುದು: ದಾಳಿಕೋರರು ಧರ್ಮ ಯಾವುದು ಅಂತ ಕೇಳಿದರು, ಕಲಿಮಾ (ಇಸ್ಲಾಂ ನಂಬಿಕೆ ಸಾರುವ ವಾಕ್ಯ) ಹೇಳು ಅಂದರು, ಹೇಳಲು ಬಾರದವರಿಗೆ ಗುಂಡು ಹೊಡೆದರು.

ನಾನು ಗೆಳೆಯನ ಹತ್ತಿರ, 'ಇದು ಇಸ್ಲಾಂ ಅಲ್ಲ ಮಾರಾಯ' ಅಂದೆ. ಅವನು ತಲೆ ಎತ್ತಲಿಲ್ಲ. ಅಡಿಕೆ ಹೆಕ್ಕುತ್ತಲೇ ಹೇಳಿದ: 'ನೀನು ಹಾಗೆ ಹೇಳಲೇಬೇಕಲ್ಲ. ನಿಮ್ಮಲ್ಲಿ ತಕಿಯ್ಯ ಅಂತ ಉಂಟಂತಲ್ಲ, ಬೇರೆಯವರ ಹತ್ತಿರ ಸುಳ್ಳು ಹೇಳಬಹುದು ಅಂತ?'

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ನೋವು ಮಾಡಿತು. ಯಾಕೆಂದರೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಇಲ್ಲ, ನಾನು ನಿಜ ಹೇಳುತ್ತಿದ್ದೇನೆ ಅಂದರೆ ಅದೂ ತಕಿಯ್ಯ ಆಗುತ್ತದೆ. ನಲವತ್ತು ವರ್ಷ ಒಟ್ಟಿಗೆ ಇದ್ದವನ ಮುಂದೆ ನನ್ನ ಮಾತಿಗೆ ಬೆಲೆ ಇಲ್ಲದೆ ಹೋಯಿತು. ಚಾ ಕುಡಿದು ಎದ್ದು ಬಂದೆ.

ಆಮೇಲೆ ತಿಂಗಳುಗಟ್ಟಲೆ ಕೂತು ಓದಿದೆ. ಅವನಿಗೆ ಉತ್ತರ ಕೊಡಬೇಕು ಅಂತ ಶುರು ಮಾಡಿದ್ದು. ಓದುತ್ತಾ ಹೋದ ಹಾಗೆ ಅವನಿಗಿಂತ ನಮ್ಮವರಿಗೇ ಹೇಳಬೇಕಾದದ್ದು ಜಾಸ್ತಿ ಸಿಕ್ಕಿತು.

ಮೊದಲು ಆ ಪದದ ವಿಷಯ. ತಕಿಯ್ಯ ಅನ್ನುವುದನ್ನು ನಾನು ಮೊದಲು ಕೇಳಿದ್ದು ಮದ್ರಸದಲ್ಲಲ್ಲ, ವಾಟ್ಸಾಪ್‌ನಲ್ಲಿ. ನಮ್ಮ ಕರಾವಳಿಯ ಬ್ಯಾರಿಗಳು ಸುನ್ನಿಗಳು, ಶಾಫಿ ಪಂಗಡದವರು. ನಮ್ಮ ಮನೆ ಮಾತಿನಲ್ಲಿ ಆ ಪದ ಇರಲೇ ಇಲ್ಲ. ಅದರ ಬೇರು ಮೆಕ್ಕಾದಲ್ಲಿ, ಅಮ್ಮಾರ್ ಬಿನ್ ಯಾಸಿರ್ ಎಂಬವರ ಕಥೆಯಲ್ಲಿದೆ. ಹೊಸ ಧರ್ಮ ಸೇರಿದರೆಂದು ಅವರ ತಾಯಿ ಸುಮಯ್ಯಾರನ್ನು ಕೊಂದರು. ಅಮ್ಮಾರರನ್ನು ಹಿಂಸೆ ಮಾಡಿ, ನಂಬಿಕೆ ಬಿಟ್ಟೆ ಅಂತ ಬಾಯಲ್ಲಿ ಹೇಳಿಸಿದರು. ಅವರು ಅಳುತ್ತಾ ಪ್ರವಾದಿಯವರ ಹತ್ತಿರ ಬಂದರು. 'ನಿನ್ನ ಮನಸ್ಸು ಹೇಗಿದೆ?' ಅಂತ ಕೇಳಿದರು ಪ್ರವಾದಿಯವರು. 'ನಂಬಿಕೆಯಲ್ಲಿ ಗಟ್ಟಿಯಾಗಿದೆ' ಅಂದರು ಅಮ್ಮಾರ್. 'ಅವರು ಮತ್ತೆ ಹಿಂಸೆ ಮಾಡಿದರೆ ನೀನೂ ಮತ್ತೆ ಹಾಗೇ ಹೇಳು' ಅನ್ನುವುದು ಸಿಕ್ಕಿದ ಉತ್ತರ. ಕುರ್‌ಆನ್‌ನ 16ನೇ ಅಧ್ಯಾಯದ 106ನೇ ವಾಕ್ಯವನ್ನು ಈ ಘಟನೆಯ ಜೊತೆ ಇಟ್ಟು ಓದುತ್ತಾರೆ. ಮುಂದೆ ಸುನ್ನಿ ದೊರೆಗಳ ಕೈಯಲ್ಲಿ ಪೆಟ್ಟು ತಿಂದ ಶಿಯಾಗಳು ಇದನ್ನು ಜೀವ ಉಳಿಸಿಕೊಳ್ಳುವ ದಾರಿಯಾಗಿ ಬೆಳೆಸಿದರು. ಸ್ಪೇನಿನಲ್ಲಿ ಬಲವಂತವಾಗಿ ಕ್ರೈಸ್ತರಾದ ಮುಸ್ಲಿಮರಿಗೆ 1504ರಲ್ಲಿ ಉತ್ತರ ಆಫ್ರಿಕದ ಓರಾನ್‌ನಿಂದ ಒಂದು ಫತ್ವಾ ಹೋಯಿತು: ಒಳಗೊಳಗೇ ನಮಾಜ್ ಮಾಡಿ, ಹೆಂಡ ಕುಡಿಯಲೇಬೇಕಾದರೆ ಕುಡಿಯಿರಿ, ಮನಸ್ಸು ಮಾತ್ರ ಬಿಡಬೇಡಿ ಅಂತ.

ಅಂದರೆ ಇದು ಕತ್ತಿಯ ಕೆಳಗೆ ಕುತ್ತಿಗೆ ಇಟ್ಟವನಿಗೆ ಕೊಟ್ಟ ವಿನಾಯಿತಿ. ಕತ್ತಿ ಹಿಡಿದವನಿಗೆ ಕೊಟ್ಟದ್ದಲ್ಲ. ಪುತ್ತೂರಿನಲ್ಲಿ ಅಡಿಕೆ ತೂಗುವವನಿಗಂತೂ ಅಲ್ಲವೇ ಅಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಮ್ಮ ಕಡೆಯ ಹೆಚ್ಚಿನ ಬರಹಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಅಪ್ಪನ ಹದೀಸ್ ಬಿಡುವುದಿಲ್ಲ. ಒದ್ದೆಯಾದದ್ದು ಮೇಲೆ ಬರಬೇಕು.

ಹದೀಸ್‌ಗಳಲ್ಲಿ ಸುಳ್ಳಿಗೆ ಮೂರು ಕಡೆ ಸಡಿಲ ಕೊಟ್ಟದ್ದು ಉಂಟು: ಜಗಳವಾದ ಇಬ್ಬರನ್ನು ಒಂದು ಮಾಡುವಾಗ, ಗಂಡ ಹೆಂಡತಿಯ ನಡುವೆ, ಮತ್ತು ಯುದ್ಧದಲ್ಲಿ. ಮೊದಲನೆಯ ಎರಡು ನಮ್ಮೆಲ್ಲರ ಮನೆಯಲ್ಲೂ ನಡೆಯುತ್ತವೆ. ಮೂರನೆಯದರಲ್ಲಿ ಉಗ್ರವಾದಿಗೆ ಬೇಕಾದ ಕಿಂಡಿ ಇದೆ. ಅವನು ಮೊದಲು ಇಡೀ ಲೋಕವೇ ಯುದ್ಧಭೂಮಿ ಅನ್ನುತ್ತಾನೆ. ಶಾಲೆ, ರೈಲು, ಹುಲ್ಲುಗಾವಲು ಎಲ್ಲವೂ. ಹಾಗೆ ಅಂದುಕೊಂಡ ಮೇಲೆ ಎಲ್ಲಿ ಬೇಕಾದರೂ ಸುಳ್ಳು ಹೇಳಬಹುದು, ವೇಷ ಹಾಕಬಹುದು, ನೆರೆಮನೆಯವರ ಜೊತೆ ನಗುತ್ತಾ ಬಾಂಬ್ ಕಟ್ಟಬಹುದು. ಯುದ್ಧಕ್ಕಿದ್ದ ಸಡಿಲವನ್ನು ಅವನು ಸಂಸಾರಕ್ಕೆ ತಂದ. ಇದನ್ನು ಮುಚ್ಚಿಟ್ಟು, ಇಸ್ಲಾಂನಲ್ಲಿ ಸುಳ್ಳಿಗೆ ಜಾಗವೇ ಇಲ್ಲ ಅಂತ ಬರೆದರೆ ನಾನೂ ಗೋಣಿಯ ಮೇಲೆ ಬಿಳಿ ಅಡಿಕೆ ಹರಡಿದ ಹಾಗೆ.

ಹೀಗೆ ಓದುವಾಗ ಸಿಕ್ಕಿದ ಒಂದು ಕಥೆ ನನ್ನ ನಿದ್ದೆ ಕೆಡಿಸಿತು. ಪ್ರಾಮಾಣಿಕರಾಗಿ ಬದುಕಿದರೆ ಸಾಕು, ಉಗ್ರವಾದ ಹತ್ತಿರ ಬರುವುದಿಲ್ಲ ಅಂತ ಅಲ್ಲಿಯ ತನಕ ನಂಬಿದ್ದೆ.

657ರಲ್ಲಿ ಸಿಫ್ಫೀನ್ ಎಂಬಲ್ಲಿ ನಾಲ್ಕನೇ ಖಲೀಫಾ ಅಲಿ ಮತ್ತು ಸಿರಿಯಾದ ಗವರ್ನರ್ ಮುಆವಿಯಾರ ನಡುವೆ ಯುದ್ಧವಾಯಿತು. ಕೊನೆಗೆ ಪಂಚಾಯಿತಿಗೆ ಒಪ್ಪಿದರು. ಅಲಿಯವರ ಪಡೆಯಲ್ಲೇ ಒಂದು ಗುಂಪು ಸಿಡಿದು ಹೊರಬಂತು. 'ತೀರ್ಪು ಅಲ್ಲಾಹನದು ಮಾತ್ರ' ಅನ್ನುವುದು ಅವರ ಘೋಷಣೆ. ಇವರೇ ಖವಾರಿಜರು, ಹೊರಬಿದ್ದವರು. ರಾತ್ರಿಯಿಡೀ ನಮಾಜ್ ಮಾಡುವವರು, ನಮಾಜ್‌ನಲ್ಲಿ ನೆಲಕ್ಕೆ ಹಣೆ ಇಟ್ಟು ಇಟ್ಟು ಹಣೆಯಲ್ಲಿ ಸುಜೂದಿನ ಕಲೆ ಬಿದ್ದವರು ಅಂತ ಅವರ ಬಗ್ಗೆ ಬರೆದಿದ್ದಾರೆ. ಘೋಷಣೆ ಕೇಳಿದ ಅಲಿ ಹೇಳಿದ ಮಾತು ಪ್ರಸಿದ್ಧ: 'ಮಾತು ಸತ್ಯ, ಅದರಿಂದ ಬಯಸುತ್ತಿರುವುದು ಸುಳ್ಳು.'

ಇತಿಹಾಸಕಾರ ತಬರಿ ಬರೆದಿಟ್ಟ ಪ್ರಸಂಗ ಇದು. ಈ ಗುಂಪು ನಹ್ರವಾನ್ ಕಡೆ ಹೋಗುವಾಗ ಅಬ್ದುಲ್ಲಾ ಬಿನ್ ಖಬ್ಬಾಬ್ ಎಂಬವರು ಎದುರಾದರು. ಪ್ರವಾದಿಯವರ ಸಂಗಾತಿಯೊಬ್ಬರ ಮಗ. ಜೊತೆಗೆ ತುಂಬಿದ ಬಸುರಿ ಹೆಂಡತಿ. ಇಬ್ಬರನ್ನೂ ಹಿಡಿದು ಕರೆದೊಯ್ದರು. ದಾರಿಯಲ್ಲಿ ಖರ್ಜೂರದ ಮರದಿಂದ ಒಂದು ಹಣ್ಣು ಬಿತ್ತು. ಗುಂಪಿನವನೊಬ್ಬ ಎತ್ತಿ ಬಾಯಿಗೆ ಹಾಕಿಕೊಂಡ. ಇನ್ನೊಬ್ಬ ಗದರಿದ: ಹಕ್ಕಿಲ್ಲದೆ, ದುಡ್ಡು ಕೊಡದೆ ತಿನ್ನುತ್ತೀಯಾ? ಅವನು ಕೂಡಲೇ ಉಗುಳಿದ. ಮುಂದೆ ಒಬ್ಬ ಮುಸ್ಲಿಮೇತರನ ಹಂದಿಯನ್ನು ಗುಂಪಿನವನೊಬ್ಬ ಕೊಂದ. ಇದು ಭೂಮಿಯ ಮೇಲೆ ಕೇಡು ಮಾಡಿದ ಹಾಗೆ ಅಂದರು ಉಳಿದವರು. ಅವನು ಹೋಗಿ ಒಡೆಯನನ್ನು ಸಮಾಧಾನ ಮಾಡಿ ಬಂದ. ಇದನ್ನೆಲ್ಲ ನೋಡಿದ ಅಬ್ದುಲ್ಲಾರಿಗೆ ಧೈರ್ಯ ಬಂತು. 'ನಾನು ಕಂಡದ್ದು ನಿಜವೇ ಆದರೆ ನನಗೆ ನಿಮ್ಮಿಂದ ಭಯವಿಲ್ಲ' ಅಂದರು.

ಅವರನ್ನು ಹೊಳೆಯ ದಂಡೆಗೆ ಎಳೆದುಕೊಂಡು ಹೋಗಿ ಕತ್ತು ಕೊಯ್ದರು. ಆಮೇಲೆ ಆ ಬಸುರಿಯ ಹೊಟ್ಟೆ ಬಗೆದರು. ಅಲಿಯವರ ಬಗ್ಗೆ ಅಬ್ದುಲ್ಲಾ ಒಳ್ಳೆಯ ಮಾತು ಹೇಳಿದ್ದರು. ತಪ್ಪು ಅಷ್ಟೇ.

ಒಂದು ಖರ್ಜೂರ. ನಮ್ಮ ಕಡೆ ಹೇಳುವುದಾದರೆ ಬೇರೆಯವರ ತೋಟದಲ್ಲಿ ಉದುರಿದ ಒಂದು ಅಡಿಕೆ. ಅದನ್ನು ಉಗುಳಿದ ಬಾಯಿಯೇ ಕೊಲ್ಲು ಅಂದಿತು. ಇವರು ಕಳ್ಳರಲ್ಲ, ಸೋಗು ಹಾಕಿದವರೂ ಅಲ್ಲ. ಸಣ್ಣ ಲೆಕ್ಕದಲ್ಲಿ ನಮಗಿಂತ ಶುದ್ಧರು. ಇದೇ ಗುಂಪಿನ ಇಬ್ನ್ ಮುಲ್ಜಮ್ 661ರ ರಮಝಾನ್‌ನಲ್ಲಿ ಕೂಫಾದ ಮಸೀದಿಯಲ್ಲಿ ವಿಷ ಸವರಿದ ಕತ್ತಿಯಿಂದ ಅಲಿಯವರನ್ನೂ ಕಡಿದ. ಇಸ್ಲಾಂ ಹುಟ್ಟಿ ಅರ್ಧ ಶತಮಾನವಷ್ಟೇ ಆಗಿತ್ತು. ಅಮೆರಿಕ ಇರಲಿಲ್ಲ, ಇಸ್ರೇಲ್ ಇರಲಿಲ್ಲ, ಪೆಟ್ರೋಲ್ ರಾಜಕೀಯ ಇರಲಿಲ್ಲ. ಉಗ್ರವಾದ ಅಂದರೆ ಹೊರಗಿನವರ ಪಿತೂರಿ ಅಂತ ನಮ್ಮ ಮದುವೆ ಮನೆಗಳಲ್ಲಿ ಮಾತಾಡುವವರಿಗೆ ನಾನು ಈಗ ಈ ಖರ್ಜೂರದ ಕಥೆ ಹೇಳುತ್ತೇನೆ.

ಅವರಲ್ಲಿ ಏನು ತಪ್ಪಿತ್ತು ಅಂತ ಹುಡುಕುವಾಗ ಇನ್ನೊಂದು ಹದೀಸ್ ಸಿಕ್ಕಿತು. ಉಸಾಮಾ ಬಿನ್ ಝೈದ್ ಪ್ರವಾದಿಯವರ ಮುದ್ದಿನ ಹುಡುಗ. ಒಂದು ಕದನದಲ್ಲಿ ಎದುರಾಳಿಯೊಬ್ಬ ಅವರ ಕೈಗೆ ಸಿಕ್ಕಿಬಿದ್ದ. ಇನ್ನೇನು ಹೊಡೆಯಬೇಕು, ಅವನು ಕಲಿಮಾ ಹೇಳಿದ. ಉಸಾಮಾ ಹೊಡೆದೇಬಿಟ್ಟರು. ಮನಸ್ಸು ತಡೆಯದೆ ಬಂದು ಪ್ರವಾದಿಯವರಿಗೆ ಹೇಳಿದರು. ಕಲಿಮಾ ಹೇಳಿದವನನ್ನು ಕೊಂದೆಯಾ ಅಂತ ಕೇಳಿದರು ಪ್ರವಾದಿಯವರು. 'ಆಯುಧಕ್ಕೆ ಹೆದರಿ ಹೇಳಿದ್ದು' ಅಂದರು ಉಸಾಮಾ. ಆಗ ಬಂದ ಪ್ರಶ್ನೆ: 'ನೀನು ಅವನ ಎದೆ ಸೀಳಿ ನೋಡಿದ್ದೀಯಾ?' ಇದನ್ನೇ ಪ್ರವಾದಿಯವರು ಮತ್ತೆ ಮತ್ತೆ ಕೇಳಿದರಂತೆ. ನಾನು ಇವತ್ತಷ್ಟೇ ಮುಸ್ಲಿಮನಾಗಿದ್ದರೆ ಒಳ್ಳೆಯದಿತ್ತು ಅಂತ ಉಸಾಮಾರಿಗೆ ಅನಿಸಿತಂತೆ.

ನೋಡಿ, ಉಸಾಮಾ ಹೇಳಿದ್ದು ನನ್ನ ಗೆಳೆಯ ಹೇಳಿದ್ದೇ. ಬಾಯಲ್ಲಿ ಒಂದು ಹೇಳುತ್ತಾನೆ, ಒಳಗೆ ಬೇರೆ ಇದೆ. ಖವಾರಿಜರು ಅಬ್ದುಲ್ಲಾರಿಗೆ ಮಾಡಿದ್ದೂ ಅದೇ. ಕಲಿಮಾ ಹೇಳುತ್ತಾನೆ, ಆದರೆ ಇವನು ಮುಸ್ಲಿಮನಲ್ಲ.

ಎದೆ ಬಗೆಯುವುದು ಅಂದರೆ ನಮಗೆ ಹನುಮಂತ ನೆನಪಾಗುತ್ತಾನೆ, ಅಲ್ವಾ? ನಮ್ಮೂರಿನ ಭಜನಾ ಮಂದಿರದ ಗೋಡೆಯಲ್ಲೂ ಆ ಚಿತ್ರ ಇದೆ. ಅವನು ತನ್ನ ಎದೆಯನ್ನು ತಾನೇ ಬಗೆದು ತೋರಿಸಿದ. ಮನುಷ್ಯರಿಗೆ ಅದು ಆಗದ ಕೆಲಸ. ಗೋಣಿಗೆ ಕೈ ಇಳಿಸಬಹುದು. ನಾನು ತೂಕದಲ್ಲಿ ಮೋಸ ಮಾಡಿದೆನಾ, ಕೊಟ್ಟ ಮಾತು ಮುರಿದೆನಾ, ಕೊಲೆಯಾದಾಗ ಬಾಯಿ ಮುಚ್ಚಿಕೊಂಡೆನಾ ಅಂತ ನೋಡಬಹುದು, ನೋಡಲೇಬೇಕು. ಎದೆಯೊಳಗೆ ಕೈ ಹಾಕುತ್ತೇನೆ ಅಂದರೆ ನಾನು ಏನು ತಾನೇ ತೋರಿಸಲಿ?

ಸರಿ, ಗೋಣಿಗೆ ಕೈ ಇಳಿಸಿ ಅಂದೆನಲ್ಲ. ಇಳಿಸೋಣ.

ಮುಂಬೈಯ 2008ರ ದಾಳಿ ಆದಾಗ ಸತ್ತ ಒಂಬತ್ತು ದಾಳಿಕೋರರನ್ನು ಹೂಳಲು ಅಲ್ಲಿನ ದೊಡ್ಡ ಖಬರಸ್ಥಾನದ ಟ್ರಸ್ಟ್ ಜಾಗ ಕೊಡಲಿಲ್ಲ. ಇಂಥವರು ಮುಸ್ಲಿಮರಲ್ಲ ಅಂದಿತು. ಹೆಣಗಳು ಒಂದು ವರ್ಷಕ್ಕೂ ಜಾಸ್ತಿ ಜೆ.ಜೆ. ಆಸ್ಪತ್ರೆಯ ಶವಾಗಾರದಲ್ಲಿದ್ದವು. ಆಗ ನನ್ನ ಎದೆ ತುಂಬಿ ಬಂದಿತ್ತು. ಈಗಲೂ ಆ ಟ್ರಸ್ಟಿನವರ ಮೇಲೆ ಗೌರವ ಇದೆ. ಆದರೆ 2014ರ ಡಿಸೆಂಬರಿನಲ್ಲಿ ಕೈರೋದ ಹೆಸರಾಂತ ಸುನ್ನಿ ವಿದ್ಯಾಸಂಸ್ಥೆ ಅಲ್ ಅಝ್‌ಹರ್ ಬೇರೆ ಮಾತು ಹೇಳಿತು. ಐಸಿಸ್‌ನವರನ್ನು ಖಂಡಿಸಿತು, ಧರ್ಮಭ್ರಷ್ಟರು ಅಂತ ಸಾರಲು ಒಪ್ಪಲಿಲ್ಲ. ಕಲಿಮಾ ಹೇಳುವವನನ್ನು ಅವನ ಪಾಪಕ್ಕಾಗಿ ಹೊರಗೆ ಹಾಕಿದರೆ, ನಾವೂ ಅವರು ಮಾಡಿದ್ದನ್ನೇ ಮಾಡಿದ ಹಾಗೆ ಅನ್ನುವ ವಾದ. ಬಹಳ ಜನ ಸಿಟ್ಟಾದರು. ನಾನೂ ಸಿಟ್ಟಾಗಿದ್ದೆ.

ಈಗ ಯೋಚಿಸಿದರೆ ಅಲ್ ಅಝ್‌ಹರ್ ಹೇಳಿದ್ದೇ ಸರಿ ಅನಿಸುತ್ತದೆ. 'ಅವರು ಮುಸ್ಲಿಮರೇ ಅಲ್ಲ' ಅನ್ನುವುದು ತುಂಬ ಸುಲಭದ ಮಾತು. ಅಷ್ಟು ಹೇಳಿದರೆ ನನ್ನ ಕೆಲಸ ಮುಗಿಯಿತು. ಅವರು ಓದಿದ ಕಿತಾಬ್ ಯಾವುದು, ಕೇಳಿದ ಭಾಷಣ ಯಾರದ್ದು ಅಂತ ನಾನು ನೋಡಬೇಕಾಗಿಲ್ಲ. ಅದೇ ವರ್ಷ ಸೆಪ್ಟೆಂಬರಿನಲ್ಲಿ 120ಕ್ಕೂ ಹೆಚ್ಚು ವಿದ್ವಾಂಸರು ಆಗಿನ ಐಸಿಸ್ ನಾಯಕ ಬಗ್ದಾದಿಗೆ ಬಹಿರಂಗ ಪತ್ರ ಬರೆದರು. ಅವನು ಮುಸ್ಲಿಮನಲ್ಲ ಅಂತ ಬರೆಯಲಿಲ್ಲ. ನೀನು ಇಲ್ಲಿ ತಪ್ಪಿದೆ, ಇಲ್ಲಿ ತಪ್ಪಿದೆ ಅಂತ ಒಂದೊಂದೇ ತೆಗೆದು ತೋರಿಸಿದರು. ಕಷ್ಟದ ಕೆಲಸ ಅದು.

ನಮ್ಮ ಇನ್ನೊಂದು ಅಭ್ಯಾಸ ಅರ್ಧ ವಾಕ್ಯ ಹೇಳುವುದು. 'ಒಬ್ಬನನ್ನು ಕೊಂದರೆ ಇಡೀ ಮನುಕುಲವನ್ನೇ ಕೊಂದ ಹಾಗೆ.' ಪ್ರತಿ ದಾಳಿಯ ನಂತರ ನಾನೂ ಇದನ್ನು ಸ್ಟೇಟಸ್ ಹಾಕಿದ್ದೇನೆ. ಅದು ಕುರ್‌ಆನ್‌ನ 5ನೇ ಅಧ್ಯಾಯದ 32ನೇ ವಾಕ್ಯ. ಅಲ್ಲಿ ಅದು ಇಸ್ರಾಯೀಲ್ ಸಂತತಿಗೆ ಕೊಟ್ಟ ವಿಧಿಯಾಗಿ ಬರುತ್ತದೆ, ನಡುವೆ ಷರತ್ತೂ ಇದೆ, 33ನೇ ವಾಕ್ಯದಲ್ಲಿ ಘೋರ ಶಿಕ್ಷೆಗಳ ಮಾತಿದೆ. ಇಸ್ಲಾಮನ್ನು ದೂರುವ ಆಚೆ ಕಡೆಯವರು 9ನೇ ಅಧ್ಯಾಯದ 5ನೇ ವಾಕ್ಯ ಹಾಕುತ್ತಾರೆ, ಬಹುದೇವಾರಾಧಕರನ್ನು ಕಂಡಲ್ಲಿ ಕೊಲ್ಲಿ ಅನ್ನುವುದು. ಬಂದೂಕು ಹಿಡಿದವನೂ ಅದನ್ನೇ ಹಾಕುತ್ತಾನೆ. ಇಬ್ಬರೂ 6ನೇ ವಾಕ್ಯಕ್ಕೆ ಹೋಗುವುದಿಲ್ಲ: ಅವರಲ್ಲಿ ಯಾರಾದರೂ ಆಶ್ರಯ ಕೇಳಿದರೆ ಕೊಡು, ಆಮೇಲೆ ಅವನಿಗೆ ಸುರಕ್ಷಿತವಾದ ಜಾಗಕ್ಕೆ ಮುಟ್ಟಿಸು. ಪೂರ್ತಿ ಓದಿದರೆ ಎಲ್ಲವೂ ಹೂವಿನ ಹಾಗೆ ಕಾಣುತ್ತದೆ ಅಂತ ನಾನು ಹೇಳುವುದಿಲ್ಲ. ಹಳೆಯ ಫಿಕ್ಹ್ (ಧರ್ಮಶಾಸ್ತ್ರ) ಗ್ರಂಥಗಳಲ್ಲಿ ಧರ್ಮ ಬಿಟ್ಟವನಿಗೆ ಮರಣದಂಡನೆ ಅಂತ ನಾಲ್ಕೂ ಸುನ್ನಿ ಪಂಗಡಗಳು ಬರೆದಿವೆ. ಅದನ್ನು ಇವತ್ತು ಒಪ್ಪಬಾರದು ಅನ್ನುವ ವಿದ್ವಾಂಸರಿದ್ದಾರೆ. ಅವರ ಜೊತೆ ನಿಲ್ಲಬೇಕಾದರೆ ಮೊದಲು ಹಾಗೆ ಬರೆದದ್ದು ಉಂಟು ಅಂತ ಒಪ್ಪಬೇಕು.

ಆಸಿಯಾ ಬೀಬಿಯ ಮೊಕದ್ದಮೆಯ ತೀರ್ಪನ್ನೂ ಕೂತು ಓದಿದೆ. ಸತ್ಯ ಮತ್ತು ಉಗ್ರವಾದ ಎರಡೂ ಒಂದೇ ಕಟಕಟೆಯಲ್ಲಿ ನಿಂತ ಮೊಕದ್ದಮೆ ಅದು. 2009ರ ಜೂನ್. ಪಾಕಿಸ್ತಾನದ ಪಂಜಾಬಿನ ಇಟ್ಟನ್‌ವಾಲಿ ಎಂಬ ಹಳ್ಳಿ. ಹೆಂಗಸರು ಫಾಲ್ಸಾ ಹಣ್ಣು ಕೊಯ್ಯುತ್ತಿದ್ದರು. ಕ್ರೈಸ್ತ ಹೆಂಗಸು ಆಸಿಯಾ ನೀರು ತಂದು ಕೊಟ್ಟಳು. ಅವಳ ಕೈಯ ನೀರು ಬೇಡ ಅಂದರು. ಮಾತಿಗೆ ಮಾತು ಬೆಳೆಯಿತು. ಐದು ದಿನ ಬಿಟ್ಟು, ಅಲ್ಲಿ ಇಲ್ಲದೇ ಇದ್ದ ಇಮಾಮ್ ಒಬ್ಬ ದೂರು ಕೊಟ್ಟ: ಪ್ರವಾದಿಯವರನ್ನು ಬೈದಳು ಅಂತ. 2010ರಲ್ಲಿ ಗಲ್ಲು ಶಿಕ್ಷೆಯಾಯಿತು. ಅವಳ ಪರ ಮಾತಾಡಿದ ಪಂಜಾಬಿನ ಗವರ್ನರ್ ಸಲ್ಮಾನ್ ತಾಸೀರ್ ಅವರನ್ನು 2011ರ ಜನವರಿ 4ರಂದು ಅವರ ಅಂಗರಕ್ಷಕನೇ ಕೊಂದ. ಕೊಂದವನ ಮೇಲೆ ವಕೀಲರು ಗುಲಾಬಿ ಎಸಳು ಚೆಲ್ಲಿದರು. ಸತ್ತ ತಾಸೀರ್ ಅವರ ಜನಾಝಾ ನಮಾಜ್‌ಗೆ, ಅಂದರೆ ಅಂತ್ಯಸಂಸ್ಕಾರದ ಪ್ರಾರ್ಥನೆಗೆ, ನಿಲ್ಲುವ ಇಮಾಮರು ಸಿಗುವುದೇ ಕಷ್ಟವಾಯಿತು.

2018ರ ಅಕ್ಟೋಬರ್ 31ರಂದು ಅಲ್ಲಿನ ಸುಪ್ರೀಂ ಕೋರ್ಟ್ ಆಸಿಯಾಳನ್ನು ಬಿಡುಗಡೆ ಮಾಡಿತು. ನ್ಯಾಯಮೂರ್ತಿಗಳು ಮಾಡಿದ್ದು ಅಪ್ಪ ಮಾಡುತ್ತಿದ್ದ ಕೆಲಸವೇ. ಸಾಕ್ಷಿಗಳ ಮಾತನ್ನು ಒಂದಕ್ಕೊಂದು ತಾಗಿಸಿ ನೋಡಿದರು. ಊರವರ ಮುಂದೆ ತಪ್ಪೊಪ್ಪಿಕೊಂಡಳು ಅಂತ ಎಲ್ಲರೂ ಹೇಳಿದ್ದರು. ಎಷ್ಟು ಜನ ಸೇರಿದ್ದರು? ಒಬ್ಬರು ನೂರು ಅಂದರು, ಇನ್ನೊಬ್ಬರು ಎರಡು ಸಾವಿರಕ್ಕೂ ಜಾಸ್ತಿ ಅಂದರು. ಯಾರ ಮನೆಯಲ್ಲಿ ಅನ್ನುವುದೂ ಕೂಡಿಬರಲಿಲ್ಲ. ನೀರಿನ ಜಗಳ ನಡೆದದ್ದನ್ನು ಬೇರೆಯವರು ಹೇಳಿದರು, ಮುಖ್ಯ ಸಾಕ್ಷಿಗಳಾದ ಅಕ್ಕತಂಗಿ ಮಾತ್ರ ಬಾಯಿ ಬಿಡಲಿಲ್ಲ. ತೀರ್ಪಿನ ಕೊನೆಗೆ ಮುಖ್ಯ ನ್ಯಾಯಮೂರ್ತಿ ಸಾಕಿಬ್ ನಿಸಾರ್ ಒಂದು ಹದೀಸ್ ಬರೆದರು: ಮುಸ್ಲಿಮೇತರ ಅಲ್ಪಸಂಖ್ಯಾತರ ಮೇಲೆ ಯಾರು ದೌರ್ಜನ್ಯ ಮಾಡುತ್ತಾರೋ, ಅಂತ್ಯ ದಿನದಲ್ಲಿ ಅವರ ವಿರುದ್ಧ ನಾನೇ ದೂರು ಕೊಡುತ್ತೇನೆ ಅನ್ನುವ ಪ್ರವಾದಿಯವರ ಮಾತು.

ಪ್ರವಾದಿಯವರನ್ನು ಮೆಕ್ಕಾದ ಜನ ಅಲ್ ಅಮೀನ್, ನಂಬಿಕಸ್ಥ ಅಂತ ಕರೆಯುತ್ತಿದ್ದರು. ಅವರ ಮಾನ ಕಾಪಾಡುತ್ತೇವೆ ಅಂತ ಹೊರಟವರು ಕಟಕಟೆಯಲ್ಲಿ ನಿಂತು ಮುಚ್ಚಿಟ್ಟು ಮಾತಾಡಿದರು. ತೀರ್ಪು ಬಂದ ದಿನ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು, ಜಡ್ಜುಗಳು ದುಡ್ಡು ತಿಂದಿದ್ದಾರೆ ಅಂತ ಹಾಕಿದರು. ಆರೇಳು ಜನ ಹೌದು ಅಂದರು. ನಾನು ಓದಿದೆ, ಸುಮ್ಮನಿದ್ದೆ. ಮನೆಯವರ ಜೊತೆ ಯಾಕೆ ನಿಷ್ಠುರ ಅನಿಸಿತು. ನನ್ನ ಗೋಣಿಯ ಅಡಿಯಲ್ಲಿ ಒದ್ದೆ ಇರುವುದು ಅಲ್ಲೇ.

ಕುರ್‌ಆನ್‌ನ 4ನೇ ಅಧ್ಯಾಯದ 135ನೇ ವಾಕ್ಯ ನನಗೆ ಬಾಯಿಪಾಠ ಇತ್ತು. ನ್ಯಾಯಕ್ಕೆ ಸಾಕ್ಷಿಯಾಗಿ ನಿಲ್ಲಿ, ನಿಮ್ಮ ವಿರುದ್ಧವಾದರೂ, ತಂದೆತಾಯಿ, ಬಂಧುಗಳ ವಿರುದ್ಧವಾದರೂ. ಇನ್ನೊಂದು ಹದೀಸ್ ಕೂಡ ಗೊತ್ತಿತ್ತು: ನಿನ್ನ ಸಹೋದರನಿಗೆ ಸಹಾಯ ಮಾಡು, ಅವನು ಅನ್ಯಾಯ ಮಾಡಿದವನಾಗಿದ್ದರೂ. ಅದು ಹೇಗೆ ಅಂತ ಕೇಳಿದವರಿಗೆ ಪ್ರವಾದಿಯವರು, ಅವನ ಕೈ ಹಿಡಿದು ತಡೆ, ಅದೇ ಸಹಾಯ ಅಂದಿದ್ದರು. ಎಲ್ಲ ಗೊತ್ತಿದ್ದೂ ಸುಮ್ಮನಿದ್ದೆ.

ಮಳೆಗಾಲ ಕಳೆದು ಮತ್ತೆ ಗೆಳೆಯನ ಮನೆಗೆ ಹೋದೆ. ಇದನ್ನೆಲ್ಲ ಹೇಳಿದೆ. ಖರ್ಜೂರದ ಕಥೆ ಅವನು ಎರಡು ಸಲ ಕೇಳಿದ. ಉಸಾಮಾರ ಕಥೆ ಮುಗಿದಾಗ ನೇರವಾಗಿ ಕೇಳಿದ: 'ಕಲಿಮಾ ಹೇಳಿದವನನ್ನು ಕೊಂದದ್ದು ತಪ್ಪು ಅಂತಾಯ್ತು. ಹೇಳದವನನ್ನು?'

ಒಳ್ಳೆಯ ಪ್ರಶ್ನೆ. ಅವನ ಕಣ್ಣಿಗೆ ಶಿವಮೊಗ್ಗದ ಆ ಮನೆ ಕಾಣುತ್ತಿತ್ತು. ನಾನು ನಿಧಾನವಾಗಿ ಹೇಳಿದೆ. ಉಸಾಮಾರ ಎದುರಿಗಿದ್ದವನು ಆಯುಧ ಹಿಡಿದು ಹೋರಾಡುತ್ತಿದ್ದವನು, ಅಂಥವನಿಗೂ ಸಂಶಯದ ಲಾಭ ಕೊಡಬೇಕಿತ್ತು ಅನ್ನುವುದು ಆ ಹದೀಸ್. ಹುಲ್ಲಿನ ಮೇಲೆ ಹೆಂಡತಿ ಮಕ್ಕಳ ಜೊತೆ ಕೂತವನ ಹತ್ತಿರ ಕಲಿಮಾ ಕೇಳುವ ಹಕ್ಕೇ ಯಾರಿಗೂ ಇಲ್ಲ. ಕೇಳಿದ ಕ್ಷಣಕ್ಕೇ ಅವರು ಆ ಖರ್ಜೂರ ಉಗುಳಿದವರ ಸಾಲಿಗೆ ಸೇರಿದರು. ಅವರು ಮುಸ್ಲಿಮರೇ, ನಮ್ಮವರೇ, ಮಾಡಿದ್ದು ಘೋರ ಅನ್ಯಾಯ ಅಂದೆ.

ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಇದನ್ನು ನಿಮ್ಮ ಪಳ್ಳಿಯಲ್ಲಿ ಹೇಳ್ತೀಯಾ?' ಅಂತ ಕೇಳಿದ.

ಈ ಬರಹದ ಕರಡನ್ನು ಕಳೆದ ವಾರ ಕುಟುಂಬದ ಗ್ರೂಪಿಗೆ ಹಾಕಿದೆ. ಇಬ್ಬರು ಗ್ರೂಪ್ ಬಿಟ್ಟರು. ಅಣ್ಣ ಫೋನ್ ಮಾಡಿ, ಮನೆಯ ವಿಷಯ ಬೀದಿಗೆ ಹಾಕಬೇಡ ಅಂದ. ರಾತ್ರಿ ಹತ್ತರ ಮೇಲೆ ದೊಡ್ಡಪ್ಪನ ಫೋನ್ ಬಂತು. ಅವರಿಗೆ ಎಂಬತ್ತು ದಾಟಿದೆ. ಅಪ್ಪನ ಜೊತೆ ಗೋಣಿ ಹೊತ್ತವರು.

'ಆ ಖರ್ಜೂರದ ವಿಷಯ ಯಾವ ಕಿತಾಬಲ್ಲುಂಟು?' ಅಂತ ಕೇಳಿದರು.

ತಬರಿ ಅಂದೆ.

'ಬರೆದುಕೊಂಡೆ. ಶುಕ್ರವಾರ ಉಸ್ತಾದರ ಹತ್ತಿರ ಕೇಳ್ತೇನೆ' ಅಂದರು.